ಚರ್ಚಿಲ್ಲನಿಗೆ ಬೇಡವಾದ ಚಿತ್ರ

ಸಂಘದಲ್ಲಿ 'ದಿ ಲೈಫ್ ಅಂಡ್ ಡೆತ್ ಆಫ್ ಕರ್ನಲ್ ಬ್ಲಿಂಪ್' ತೋರಿಸಿದ ದಿನ ಹಲವು ಸದಸ್ಯರು ಅರ್ಧಕ್ಕೇ ಎದ್ದುಹೋದರು. 1943ರಲ್ಲಿ ಬಂಗಾಳ ಹಸಿವಿನಿಂದ ಸಾಯುತ್ತಿದ್ದಾಗ ಬಿಳಿಯರು ಮಾಡಿಕೊಂಡ ಆತ್ಮಸ್ತುತಿ ನಮಗೇತಕ್ಕೆ ಎಂಬುದು ಅವರ ಆಕ್ಷೇಪಣೆ. ಬಂಗಾಳದ ಮಾತು ನಿಜ. ಅದನ್ನು ಯಾರೂ ಮರೆಯಬೇಕಾಗಿಲ್ಲ. ಆದರೆ ಈ ಚಿತ್ರವನ್ನು ನಿಲ್ಲಿಸಬೇಕೆಂದು 1942ರಲ್ಲಿ ತನ್ನ ಮಂತ್ರಿಗೆ ಬರೆದವನು ಸಾಕ್ಷಾತ್ ಚರ್ಚಿಲ್! ಎದ್ದುಹೋದ ಮಹನೀಯರು ಯಾರ ಪಕ್ಷ ಹಿಡಿದಂತಾಯಿತು?

ಅವನಿಗೆ ಕೋಪ ಬಂದುದರಲ್ಲಿ ಆಶ್ಚರ್ಯವಿಲ್ಲ. ಬಾಂಬುಗಳು ಬೀಳುತ್ತಿದ್ದ ದೇಶದಲ್ಲಿ, ತಮ್ಮದೇ ಸೈನ್ಯದ ಮುದಿ ಅಧಿಕಾರಿಯನ್ನು ಪೆದ್ದನನ್ನಾಗಿಯೂ ಪ್ರೀತಿಪಾತ್ರನನ್ನಾಗಿಯೂ ತೋರಿಸಿ, ವಿವೇಕದ ಮಾತುಗಳನ್ನೆಲ್ಲ ಒಬ್ಬ ಜರ್ಮನನ ಬಾಯಲ್ಲಿ ಆಡಿಸಿದ್ದರು ಪೊವೆಲ್ ಮತ್ತು ಪ್ರೆಸ್‌ಬರ್ಗರ್. 1902ರ ಬರ್ಲಿನ್ನಿನಲ್ಲಿ ಕ್ಯಾಂಡಿಗೂ ಥಿಯೋಗೂ ಕತ್ತಿಯ ದ್ವಂದ್ವಯುದ್ಧ. ಕಾದಾಟ ಶುರುವಾದೊಡನೆ ಕ್ಯಾಮೆರಾ ಮೇಲೇರಿ, ಛಾವಣಿ ದಾಟಿ, ಹಿಮ ಸುರಿಯುವ ಬೀದಿಗೆ ಬಂದುಬಿಡುತ್ತದೆ. ಯಾರು ಗೆದ್ದರೆಂದು ತೋರಿಸುವುದಿಲ್ಲ. ಮುಂದಿನ ನಲವತ್ತು ವರ್ಷಗಳ ಸ್ನೇಹವನ್ನು ತೋರಿಸುತ್ತಾರೆ. ಇದು ಆತ್ಮಸ್ತುತಿಯೆ?

ನಮ್ಮಂಥ ಹೊರನಾಡಿಗರು ಬಿಡಲೇಬಾರದ ದೃಶ್ಯವೊಂದಿದೆ. 1939ರಲ್ಲಿ ಮುದುಕನಾದ ಥಿಯೋ ಇಂಗ್ಲೆಂಡಿನ ಕಚೇರಿಯೊಂದರ ಮೇಜಿನೆದುರು ತಾನೇಕೆ ಬಂದೆನೆಂದು ಹೇಳುತ್ತಾನೆ. ಇಂಗ್ಲಿಷ್ ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳು ನಾಜಿಗಳಾಗಿದ್ದಾರೆ. ವಾಲ್‌ಬ್ರೂಕ್ ಕೂಗುವುದಿಲ್ಲ, ಅಳುವುದಿಲ್ಲ. ಕ್ಯಾಮೆರಾ ನಿಧಾನವಾಗಿ ಅವನ ಮುಖದ ಬಳಿಗೆ ಬಂದು ಅಲ್ಲೇ ನಿಲ್ಲುತ್ತದೆ. ಮೇಜಿನ ಆಚೆಯವನು ಸುಮ್ಮನೆ ಕೇಳುತ್ತಾನೆ. (ಕಡತಗಳ ನಡುವೆ ಬದುಕುವ ನಾವು ಹೀಗೆ ಎಷ್ಟು ಮಂದಿಯ ಮಾತನ್ನು ಪೂರ್ತಿ ಕೇಳಿದ್ದೇವೆ?) ಆ ಮಾತುಗಳನ್ನು ಬರೆದ ಪ್ರೆಸ್‌ಬರ್ಗರ್ ಹಂಗೆರಿಯ ಯಹೂದಿ. ಬರ್ಲಿನ್ನಿನಲ್ಲಿ ಚಿತ್ರಕಥೆ ಬರೆದುಕೊಂಡಿದ್ದವನು, ಹಿಟ್ಲರ್ ಬಂದ ಮೇಲೆ ಪ್ಯಾರಿಸ್ಸಿಗೆ ಓಡಿ, ಅಲ್ಲಿಂದ ಲಂಡನ್ನಿಗೆ ಬಂದವನು. ಇಂಗ್ಲಿಷ್ ಅವನು ಬೆಳೆದ ಮೇಲೆ ಕಲಿತ ಭಾಷೆ.

ಪ್ರಚಾರ ಚಿತ್ರವಲ್ಲವೆ ಎಂದರೆ, ಒಂದರ್ಥದಲ್ಲಿ ಹೌದು. ನಾಜಿಗಳೊಡನೆ ಆಟದ ನಿಯಮ ನಡೆಯದು, ಸೋತರೆ ಇನ್ನೊಂದು ಪಂದ್ಯವಿರದು ಎಂದು ಥಿಯೋ ಮಿತ್ರನನ್ನು ಎಚ್ಚರಿಸುತ್ತಾನೆ. ಆದರೆ ಶತ್ರುದೇಶದವನಿಂದ ಈ ಬುದ್ಧಿ ಹೇಳಿಸಿಕೊಂಡ ಪ್ರಚಾರ ಚಿತ್ರ ಇನ್ನೊಂದಿದ್ದರೆ ನಮಗೆ ತೋರಿಸಿ!

ಇನ್ನು 'ಬಹಳ ಉದ್ದ' ಎಂಬ ದೂರು. ಉದ್ದವೆಂದೇ ಅಮೆರಿಕದಲ್ಲಿ ಕತ್ತರಿಸಿದರು. 163 ನಿಮಿಷಗಳ ಪೂರ್ಣ ಚಿತ್ರವನ್ನು ಮತ್ತೆ ಜೋಡಿಸಿದ್ದು 1983ರಲ್ಲಿ. ಮದುವೆ ಊಟಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಕಾಯುವ ನಮ್ಮ ಬಂಧುಗಳು, ಇನ್ನೊಮ್ಮೆ ತೋರಿಸಿದಾಗ ಥಿಯೋ ಆ ಮೇಜಿನೆದುರು ಬರುವವರೆಗಾದರೂ ಕುಳಿತಿರಬೇಕೆಂದು ಕೋರುತ್ತೇವೆ.