ಮರ್ಯಾದೆ ಲೆವಿ ಅಲ್ಲ



ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿಗೆ ಹೊಲ ಕೊಟ್ಟು, ಪರಿಹಾರಕ್ಕಾಗಿ ಕೋರ್ಟಿನ ಕಟ್ಟೆ ಹತ್ತಿದವರಿಗೆ ಈ ಮಾತು ಹೊಸದಲ್ಲ. ರುಮಾಲು ಸರಿಮಾಡಿ ಕೈಮುಗಿದು ನಿಲ್ಲುತ್ತೇವೆ. ಸಿಗುವುದು ಮತ್ತೊಂದು ವಾಯಿದೆ.

ಕೋರ್ಟಿನಲ್ಲಿ ಶಿಸ್ತು ಬೇಡವೇ? ಬೇಕೇ ಬೇಕು. ಗದ್ದಲವಾದರೆ ಮೊದಲು ಮುಳುಗುವುದು ಬಡವನ ಮಾತು. ಆದರೆ ಶಿಸ್ತು ಬೇರೆ, ಭಕ್ತಿ ಬೇರೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಆರು ತಿಂಗಳ ಸಜೆ ಇದೆ. ಸಜೆಗೆ ಹೆದರಿ ಬಾಯಿ ಮುಚ್ಚೀತು, ಗೌರವ ಹುಟ್ಟೀತೇ? ‘ಮೈ ಲಾರ್ಡ್’ ಬೇಡ, ಕೆಳಗಿನ ಕೋರ್ಟಿಗೆ ‘ಸರ್’ ಸಾಕು ಎಂದು ವಕೀಲರ ಪರಿಷತ್ತೇ 2006ರಲ್ಲಿ ಹೇಳಿತು. ನಾವಿನ್ನೂ ‘ಮಹಾಸ್ವಾಮಿ’ ಅಂತೀವಿ!

2024ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಬೆಂಗಳೂರಿನ ಒಂದು ಬಡಾವಣೆಯನ್ನು ‘ಪಾಕಿಸ್ತಾನ’ ಎಂದರು. ಮಹಿಳಾ ವಕೀಲರಿಗೆ ಆಡಬಾರದ ಮಾತಾಡಿದರು. ಸುಪ್ರೀಂ ಕೋರ್ಟು ಕೇಳಿತು, ಅವರು ವಿಷಾದ ಹೇಳಿದರು, ಪ್ರಕರಣ ಮುಗಿಯಿತು. ಕಟಕಟೆಯ ರೈತ ಹಾಗೆ ಮಾತಾಡಿದ್ದರೆ ಬರೇ ವಿಷಾದಕ್ಕೆ ಬಿಡುತ್ತಿದ್ದರೇನ್ರಿ?

1980ರಲ್ಲಿ ನರಗುಂದ-ನವಲಗುಂದದ ರೈತರು, ನೀರು ಮುಟ್ಟದ ಹೊಲಕ್ಕೆ ಲೆವಿ ಕೊಡೆವೆಂದರು. ಮರ್ಯಾದೆಯೂ ಹಾಗೇ. ನ್ಯಾಯ ಹರಿದಲ್ಲಿ ತಾನೇ ಬೆಳೆಯುತ್ತದೆ. ಒಣನೆಲದಲ್ಲಿ ವಸೂಲಿ ಮಾಡಲಾಗದು.

ಕೋರ್ಟಿನಲ್ಲಿ ಬೈಯಬೇಡಿ, ಸುಳ್ಳಾಡಬೇಡಿ. ಬೆನ್ನನ್ನೂ ಬಗ್ಗಿಸಬೇಡಿ. ವಾಯಿದೆ ಮತ್ತೆ ಮುಂದಕ್ಕೆ ಹೋದರೆ, ಯಾಕೆಂದು ನೆಟ್ಟಗೆ ನಿಂತು ಕನ್ನಡದಾಗ ಕೇಳ್ರಿ.