ಸಾಲದ ಗಾಡಿಗೆ ಮನೆಯ ಎಣ್ಣೆ ಬ್ಯಾಡ
ಆಳಂದ, ಅಫಜಲಪುರ, ಜೇವರ್ಗಿಯ ರೈತ ಬಾಂಧವರೇ,

ಡೀಸೆಲ್ ದರ ಏರಿಸುವವರು ನಮ್ಮನ್ನು ಕೇಳುವುದಿಲ್ಲ. ತೊಗರಿ ದರ ಇಳಿಸುವವರೂ ಕೇಳುವುದಿಲ್ಲ. ನಿಮ್ಮ ಸಿಟ್ಟು ನ್ಯಾಯವೇ. ಆದರೆ ಆ ಸಿಟ್ಟಿನಲ್ಲಿ ಮನೆಯಲ್ಲೇ ತಯಾರಿಸಿದ ಹೊಂಗೆ ಡೀಸೆಲ್ಲನ್ನು ಸಾಲದ ಹೊಸ ಗಾಡಿಗೆ ಸುರೀಬ್ಯಾಡ್ರಿ.

ಹೊಂಗೆ ಎಣ್ಣೆಯಲ್ಲಿ ಆಮ್ಲದ ಅಂಶ ಹೆಚ್ಚು. ಮೆಥನಾಲ್, ಕಾಸ್ಟಿಕ್ ಸೋಡ ಬೆರೆಸಿದರೆ ಸಾಬೂನು ಕಟ್ಟುತ್ತದೆ. ಸಾಬೂನು, ನೀರು ಉಳಿದ ಎಣ್ಣೆ 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಯ ಪಂಪು, ನಾಜಲ್ಲು ಕೆಡಿಸುತ್ತದೆ. ಮೆಥನಾಲೋ ವಿಷ, ಬೆಂಕಿಯೂ ಬೇಗ ಹತ್ತುತ್ತದೆ. ಗಾಡಿ ನಿಂತರೆ ಬ್ಯಾಂಕಿನ ಕಂತು ನಿಲ್ಲುತ್ತದೇನ್ರಿ?

ಹಾಗಂತ ಹೊಂಗೆ ಬಿಡಬೇಕಾಗಿಲ್ಲ. 2009ರಲ್ಲೇ ರಾಜ್ಯ ಸರ್ಕಾರ ಜೈವಿಕ ಇಂಧನ ನೀತಿ ತಂದಿತು. ಬೀಜಕ್ಕೆ ಖಾತ್ರಿ ಬೆಲೆ, ತಾಲ್ಲೂಕಿಗೊಂದು ಗಾಣ, ಎಣ್ಣೆ ಪರೀಕ್ಷೆಯ ವ್ಯವಸ್ಥೆ ಕೊಡ್ರಿ ಎಂದು ಒಂದಾಗಿ ಕೇಳೋಣ. ಬದುವಿನ ಮರ ನಮ್ಮದು. ಬೆಲೆಯೂ ನಮ್ಮದೇ ಆಗಲಿ.