ಕೈ ಕೊಳೆಯಾಗದೆ ದೋಣಿ ನೀರಿಗಿಳಿಯದು

ಮ್ಯಾಡಿಸನ್‌ಗೆ ಬಂದಿಳಿದ ಕನ್ನಡದ ವಿದ್ಯಾರ್ಥಿ ಮೊದಲ ವಾರ ತಪ್ಪದೆ ಮಾಡುವ ಕೆಲಸ ಮೂರು: ಬ್ಯಾಂಕ್ ಖಾತೆ ತೆರೆಯೋದು, ಸಿಮ್ ಕಾರ್ಡ್ ಹಾಕಿಸೋದು, ಮೆಂಡೋಟಾ ಸರೋವರದ ದಂಡೆಯಲ್ಲಿ ನಿಂತು ಫೋಟೋ ತೆಗೆಸಿಕೊಂಡು ಮನೆಗೆ ಕಳಿಸೋದು. ಆ ಫೋಟೋ ಆದಮೇಲೆ ಆ ನೀರಿಗೂ ನಮಗೂ ಹೆಚ್ಚಿನ ಸಂಬಂಧ ಇರುವುದಿಲ್ಲ. ಎರಡು ವರ್ಷ ಎರಡು ಸರೋವರಗಳ ನಡುವೆ ಬದುಕಿ, ಡಿಗ್ರಿ ತೆಗೆದುಕೊಂಡು, ಕೆಲಸ ಸಿಕ್ಕ ಊರಿಗೆ ಹೊರಟುಬಿಡುತ್ತೇವೆ.

ನನ್ನ ಸಲಹೆ ಕೆಲವರಿಗೆ ವಿಚಿತ್ರ ಅನ್ನಿಸಬಹುದು: ನಾಲ್ಕು ಜನ ಸೇರಿ ಒಂದು ಹಳೇ ಮೋಟಾರ್ ದೋಣಿ ಕೊಳ್ಳಿ, ನಿಮ್ಮ ಕೈಯಿಂದಲೇ ರಿಪೇರಿ ಮಾಡಿ, ನೀರಿಗಿಳಿಸಿ. ದುಡ್ಡು ಉಳಿಯುತ್ತೆ ಅಂತ ಹೇಳ್ತಿಲ್ಲ, ಉಳಿಯಲ್ಲ. ಮಜಾ ಸಿಗುತ್ತೆ ಅನ್ನೋದು ನಿಜ, ಆದರೆ ಅದೂ ಮುಖ್ಯ ಕಾರಣ ಅಲ್ಲ. ಕೈಕೆಲಸದ ಬಗ್ಗೆ ನಾವು ಊರಿನಿಂದಲೇ ಹೊತ್ತು ತಂದಿರುವ ಒಂದು ತಾತ್ಸಾರ ಇದೆ. ಅದನ್ನು ಕಳೆದುಕೊಳ್ಳಲು ಇದಕ್ಕಿಂತ ಒಳ್ಳೇ ಶಾಲೆ ನನಗೆ ಕಂಡಿಲ್ಲ.

ವಿಸ್ಕಾನ್ಸಿನ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ದೋಣಿಯ ಹಿಂಬದಿಗೆ ನೇತುಹಾಕುವ ಔಟ್‌ಬೋರ್ಡ್ ಎಂಜಿನ್ ಮನೆಮಾತಾದದ್ದರಲ್ಲಿ ಈ ರಾಜ್ಯದ ಪಾಲು ದೊಡ್ಡದು. ಓಲೆ ಎವಿನ್‌ರೂಡ್ 1877ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಇಲ್ಲಿಗೆ ವಲಸೆ ಬಂದವರು. ಹದಿಹರೆಯದಲ್ಲಿ ಇದೇ ಮ್ಯಾಡಿಸನ್ನಿನಲ್ಲಿ ಯಂತ್ರದ ಕೆಲಸ ಕಲಿತರು. ಪ್ರೇಯಸಿಗೆ ಐಸ್‌ಕ್ರೀಮ್ ತರಲು ಬಿಸಿಲಲ್ಲಿ ಹುಟ್ಟು ಹಾಕಿ ಬೆವತು, 'ದೋಣಿಗೊಂದು ಎಂಜಿನ್ ಇದ್ದಿದ್ದರೆ' ಅಂತ ಯೋಚಿಸಿದರು ಅನ್ನೋದು ಅವರ ಬಗ್ಗೆ ಎಲ್ಲರೂ ಹೇಳುವ ಕತೆ. ಕತೆ ಏನೇ ಇರಲಿ, 1909ರಿಂದ ಮಿಲ್ವಾಕಿಯಲ್ಲಿ ಅವರ ಎಂಜಿನ್‌ಗಳು ಮಾರಾಟಕ್ಕೆ ಬಂದವು. ಇನ್ನೊಬ್ಬರು ಕಾರ್ಲ್ ಕೀಕೇಫರ್. 1939ರಲ್ಲಿ ಅವರು ಸೀಡರ್‌ಬರ್ಗ್‌ನಲ್ಲಿ ಒಂದು ಕಾರ್ಖಾನೆ ಕೊಂಡದ್ದು ಬೇರೆ ವ್ಯಾಪಾರಕ್ಕಾಗಿ. ಅದರ ಜೊತೆ, ಗಿರಾಕಿ ಬೇಡವೆಂದು ತಿರಸ್ಕರಿಸಿದ್ದ ಸುಮಾರು 300 ಔಟ್‌ಬೋರ್ಡ್‌ಗಳೂ ಕೈಗೆ ಬಂದವು. ಅವನ್ನು ಬಿಚ್ಚಿ, ಸರಿಪಡಿಸಿ ಮಾರಿದರು. ಇವತ್ತಿನ ಮರ್ಕ್ಯುರಿ ಕಂಪನಿ ಶುರುವಾದದ್ದು ಹಾಗೆ. ಗುಜರಿಗೆ ಹೋಗಬೇಕಿದ್ದ ಎಂಜಿನ್‌ಗಳ ರಿಪೇರಿಯೇ ಅದರ ಅಡಿಪಾಯ.

ಏಪ್ರಿಲ್‌ನಲ್ಲಿ ಸರೋವರದ ಐಸ್ ಕರಗುತ್ತಿದ್ದಂತೆ ಇಲ್ಲಿನ ಮನೆಗಳ ಹಿತ್ತಲಿಂದ ಹಳೇ ದೋಣಿಗಳು ಹೊರಬರುತ್ತವೆ. 'ಕಳೆದ ಸಲ ಓಡಿಸಿದಾಗ ಎಂಜಿನ್ ಚೆನ್ನಾಗಿತ್ತು' ಅಂತ ಜಾಹೀರಾತು ಇರತ್ತೆ. ಆ ಕಳೆದ ಸಲ ಅಂದರೆ ಯಾವ ವರ್ಷ ಅಂತ ಮೊದಲು ಕೇಳಿ. ಪುಕ್ಕಟೆ ಸಿಗುವ ದೋಣಿಯೇ ಎಲ್ಲಕ್ಕಿಂತ ದುಬಾರಿ ಆಗಬಹುದು. ನಾವು ನಾಲ್ವರು ಕೊಂಡದ್ದು 80ರ ದಶಕದ ಆರಂಭದ, 16 ಅಡಿಯ ಫೈಬರ್‌ಗ್ಲಾಸ್ ದೋಣಿ; 50 ಹಾರ್ಸ್‌ಪವರ್‌ನ ಟೂ-ಸ್ಟ್ರೋಕ್ ಎಂಜಿನ್, ತುಕ್ಕು ಹಿಡಿದ ಟ್ರೇಲರ್, ಎಲ್ಲ ಸೇರಿ 600 ಡಾಲರ್. ಕೆಲಸ ಮಾಡಲು ಜಾಗ ಕೊಟ್ಟವರು ಊರಾಚೆ ಮನೆ ಇರುವ ಒಬ್ಬ ಕನ್ನಡದ ಆಂಟಿ. ಅವರ ಗ್ಯಾರೇಜಿನ ಬಾಡಿಗೆ, ಅಂಗಳದ ಹುಲ್ಲು ಕತ್ತರಿಸಿಕೊಡೋದು.

ಇಂಥ ದೋಣಿಯಲ್ಲಿ ಮೊದಲು ನೋಡಬೇಕಾದ್ದು ಬಣ್ಣವಲ್ಲ, ಟ್ರಾನ್ಸಮ್. ಎಂಜಿನ್ ನೇತಾಡುವ ಹಿಂಬದಿಯ ಗೋಡೆ ಅದು. ಹೊರಗೆ ಫೈಬರ್‌ಗ್ಲಾಸ್, ಒಳಗೆ ಪ್ಲೈವುಡ್. ಸ್ಕ್ರೂ ಹೊಡೆದ ತೂತುಗಳಿಂದ ವರ್ಷಾನುಗಟ್ಟಲೆ ನೀರು ಇಳಿದು ಒಳಗಿನ ಮರ ಕೊಳೆತಿರುತ್ತದೆ. ಹೊರಗೆ ಏನೂ ಗೊತ್ತಾಗಲ್ಲ. ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಸ್ಕ್ರೂಡ್ರೈವರ್‌ನ ಹಿಡಿಯಿಂದ ಉದ್ದಕ್ಕೂ ತಟ್ಟಿ. ಗಟ್ಟಿ ಮರ ಟಣ್ ಅನ್ನುತ್ತೆ, ಕೊಳೆತದ್ದು ಡಬ್ ಅನ್ನುತ್ತೆ. ಎಂಜಿನ್ ಸ್ವಲ್ಪ ಮೇಲೆತ್ತಿ, ಅದರ ಕೆಳಭಾಗ ಹಿಡಿದು ಒತ್ತಿದಾಗ ಟ್ರಾನ್ಸಮ್ ಬಾಗಿದರೆ ಅದನ್ನು ಬಿಚ್ಚಿ ಹೊಸ ಮರ ಕೂರಿಸಲೇಬೇಕು. ಮುಂದಿನದು ದೋಣಿಯ ನೆಲ. ಕಾಲಿಟ್ಟಲ್ಲಿ ಮೆತ್ತಗಾದರೆ ಕೆಳಗಿನ ಉದ್ದ ತೊಲೆಗಳೂ ಕೊಳೆತಿರಬಹುದು, ತೇಲಲೆಂದು ತುಂಬಿದ ಫೋಮ್ ನೀರು ಕುಡಿದು ಭಾರವಾಗಿರಬಹುದು. ಟ್ರಾನ್ಸಮ್, ತೊಲೆ, ಎಂಜಿನ್ ಮೂರೂ ಹಾಳಾಗಿದ್ದರೆ ಕೈಮುಗಿದು ವಾಪಸ್ ಬನ್ನಿ. ಮೂರರಲ್ಲಿ ಒಂದು ಕೆಟ್ಟಿದ್ದರೆ ವಿದ್ಯಾರ್ಥಿಗಳ ಕೈಯಲ್ಲಿ ಆಗುವ ಕೆಲಸ.

ಎಂಜಿನ್ನಿಗೆ ಕಂಪ್ರೆಶನ್ ಗೇಜ್ ಹಾಕಿ ನೋಡಿ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ. 10ರೊಳಗೆ ಇದ್ದರೆ ಜೀವ ಇದೆ ಅಂತ ಅರ್ಥ. ಕೆಳಗಿನ ಗೇರ್ ಪೆಟ್ಟಿಗೆಯ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ತಂಪು ನೀರು ಎಳೆಯುವ ಪಂಪಿನ ರಬ್ಬರ್ ಚಕ್ರವನ್ನು ಯೋಚನೆ ಮಾಡದೆ ಬದಲಾಯಿಸಿ. ಎಂಜಿನ್ ಓಡುವಾಗ ಪಕ್ಕದಿಂದ ಪಿಚಕಾರಿಯಂತೆ ನೀರು ಬರುತ್ತಲೇ ಇರಬೇಕು. ನಿಂತರೆ ತಕ್ಷಣ ಆಫ್ ಮಾಡಿ. ಅಂಗಳದಲ್ಲಿ ಪರೀಕ್ಷಿಸುವಾಗಲೂ ತೋಟದ ಪೈಪಿಂದ ನೀರು ಕೊಡದೆ ಸ್ಟಾರ್ಟ್ ಮಾಡುವ ಹಾಗಿಲ್ಲ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಎಥನಾಲ್ ಇರತ್ತೆ. ಅದು ನೀರು ಹೀರುತ್ತೆ, ಹೆಚ್ಚಾದಾಗ ನೀರೂ ಎಥನಾಲೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಹಾಗಾಗಿ ಹಳೇ ಇಂಧನ ಪೂರ್ತಿ ತೆಗೆಯಬೇಕು, ಗಟ್ಟಿಯಾದ ಪೈಪುಗಳನ್ನು ಎಸೆಯಬೇಕು, ಕಾರ್ಬ್ಯುರೇಟರ್ ಬಿಚ್ಚಿ ಅಂಟು ತೊಳೆಯಬೇಕು.

ನಮ್ಮ ಎಂಜಿನ್ ಇಷ್ಟೆಲ್ಲ ಆದಮೇಲೂ ಒಂದು ಹಟ ಹಿಡಿಯಿತು. ನಿಧಾನಕ್ಕೆ ಓಡುತ್ತಿತ್ತು, ವೇಗ ಕೊಟ್ಟರೆ ಸತ್ತುಹೋಗುತ್ತಿತ್ತು. ನಮ್ಮಲ್ಲಿ ಒಬ್ಬ ಮೆಕ್ಯಾನಿಕಲ್, ಇಬ್ಬರು ಕಂಪ್ಯೂಟರ್, ಒಬ್ಬಳು ಬಯೋಕೆಮಿಸ್ಟ್ರಿ. ಮೆಕ್ಯಾನಿಕಲ್ ಓದುವವನು ಮಲ್ಪೆಯವನು. ಅವನ ದೊಡ್ಡಪ್ಪ ನಾಡದೋಣಿಗಳ ಎಂಜಿನ್ ರಿಪೇರಿ ಮಾಡುತ್ತಲೇ ತಲೆ ಹಣ್ಣಾದವರು. ನಮ್ಮ ಕರಾವಳಿಯಲ್ಲಿ ನಾಡದೋಣಿಯವರು ಇಂಥದೇ ಔಟ್‌ಬೋರ್ಡ್‌ಗಳನ್ನು ಸೀಮೆಎಣ್ಣೆಯಲ್ಲಿ ಓಡಿಸುತ್ತಾರೆ; ಉಪ್ಪುನೀರಲ್ಲಿ, ಮಳೆಗಾಲದ ತೆರೆಗಳ ನಡುವೆ. ಅಲ್ಲಿ ಎಂಜಿನ್ ನಿಂತರೆ ಹೊಟ್ಟೆಪಾಡು ಮಾತ್ರ ಅಲ್ಲ, ಪ್ರಾಣವೇ ಹೋಗಬಹುದು. ಫೋನ್ ಎಂಜಿನ್ ಹತ್ತಿರ ಹಿಡಿದೆವು. ದೊಡ್ಡಪ್ಪ ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳಿದರು, ಗೆಳೆಯ ನಮಗೆ ಕನ್ನಡದಲ್ಲಿ ಹೇಳಿದ: "ಸಾಯುವ ಹೊತ್ತಿಗೆ ಪೈಪಿನ ರಬ್ಬರ್ ಬಲ್ಬ್ ಅದುಮಿದ್ರೆ ಜೀವ ಬರ್ತದಾ?" ಅದುಮಿದೆವು, ಬಂತು. "ಹಾಗಾದ್ರೆ ಕಾರ್ಬ್ಯುರೇಟರ್ ಮುಟ್ಟಬೇಡಿ. ಇಂಧನದ ಪಂಪಿನೊಳಗೆ ತೆಳ್ಳಗಿನ ಪೊರೆ ಉಂಟು, ಅದು ಹರಿದಿದೆ." ಪಂಪ್ ಬಿಚ್ಚಿದರೆ ಪೊರೆಯಲ್ಲಿ ಉಗುರಿನಷ್ಟು ಸೀಳು. ಹೊಸ ಪೊರೆಯ ಕಿಟ್ ಬಂದಮೇಲೆ ಎಂಜಿನ್ ಸರಿಯಾಯಿತು.

ಆ ದೊಡ್ಡಪ್ಪ ಓದಿದ್ದು ಏಳನೇ ಕ್ಲಾಸು. ಗೆಳೆಯ ಆಮೇಲೆ ಒಂದು ಮಾತು ಹೇಳಿದ: ಎಂಜಿನಿಯರಿಂಗಿನ ನಾಲ್ಕು ವರ್ಷದಲ್ಲಿ ದೊಡ್ಡಪ್ಪನ ಶೆಡ್ಡಿಗೆ ಹೋಗಿ ಕೂರಬೇಕು ಅಂತ ಮನೆಯಲ್ಲಿ ಯಾರೂ ಹೇಳಿರಲಿಲ್ಲ. 'ಓದದೇ ಇದ್ದರೆ ಅಲ್ಲಿಗೇ ಹೋಗಬೇಕಾಗುತ್ತೆ' ಅಂತ ಮಾತ್ರ ಹೇಳಿದ್ದರು.

ಇದು ಅವನೊಬ್ಬನ ಮನೆಯ ಮಾತಲ್ಲ. ನಮ್ಮಲ್ಲಿ ಬಹಳ ಜನ ಗ್ರೀಸ್ ಕೈಗೆ ತಾಗದ ಕೆಲಸ ಸಿಗಲಿ ಅಂತಲೇ ಓದಿ ಬಂದವರು. ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬ್ ನೆನಪಿದೆಯಲ್ಲ? ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಜೋಡಿಸಬೇಕು. ಎಷ್ಟು ಜನ ತಾವೇ ಉಜ್ಜಿದ್ದರು, ಎಷ್ಟು ಜನರದ್ದನ್ನು ಲ್ಯಾಬಿನ ಸಹಾಯಕರು ಮುಗಿಸಿಕೊಟ್ಟಿದ್ದರು? ಆಯುಧಪೂಜೆಯ ದಿನ ಸ್ಪ್ಯಾನರಿಗೆ ಕುಂಕುಮ ಹಚ್ಚಿ ಕೈ ಮುಗಿಯುತ್ತೇವೆ. ಮಿಕ್ಕ ದಿನ ಅದೇ ಸ್ಪ್ಯಾನರ್ ಹಿಡಿದವನನ್ನು ಏಕವಚನದಲ್ಲಿ ಕರೆಯುತ್ತೇವೆ. ಯಾವ ಕೆಲಸ ಯಾರ ಮನೆಯವರು ಮಾಡಬೇಕು ಅನ್ನೋದನ್ನು ನಮ್ಮ ಊರಲ್ಲಿ ಜಾತಿ ತೀರ್ಮಾನಿಸಿತ್ತು. ಸಂಬಳದ ಆಸೆಯಿಂದ ನಾವೆಲ್ಲ ಒಂದೇ ಥರದ ಡಿಗ್ರಿ ಓದಿದ್ದೇವೆ ನಿಜ, ಆದರೆ ಕೈ ಕೊಳೆಯಾದವನು ಒಂದು ಮೆಟ್ಟಿಲು ಕೆಳಗೆ ಅನ್ನುವ ಲೆಕ್ಕ ಮನಸ್ಸಿನಿಂದ ಹೋಗಿಲ್ಲ.

ಕಾಯಕದ ಬಗ್ಗೆ ಭಾಷಣ ಮಾಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಬಸವ ಜಯಂತಿಗೆ ಇಲ್ಲೂ ಸ್ಲೈಡ್ ಹಾಕಿ ಮಾತಾಡುತ್ತೇವೆ. ಆದರೆ 12ನೇ ಶತಮಾನದ ಶರಣರಲ್ಲಿ ಒಬ್ಬರಾದ ಅಂಬಿಗರ ಚೌಡಯ್ಯ ದೋಣಿ ನಡೆಸುವ ಕಾಯಕದವರು. ಹೆಚ್ಚಿನ ವಚನಕಾರರು ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಚೌಡಯ್ಯ ತಮ್ಮ ಕಸುಬು ಸೇರಿದ ತಮ್ಮದೇ ಹೆಸರನ್ನು ಇಟ್ಟುಕೊಂಡರು. ಕಸುಬನ್ನು ಮುಚ್ಚಿಡದೆ ಸಹಿಯಾಗಿಸಿಕೊಂಡ ಧೈರ್ಯ ಅದು. ನಮ್ಮ ಭಾಷೆಯಲ್ಲಿ ಇಂಥವರು ಇದ್ದೂ, ನಾವು ಆಯಿಲ್ ಬದಲಾಯಿಸೋದು 'ನಮ್ಮ ಕೆಲಸ ಅಲ್ಲ' ಅಂದುಕೊಂಡಿದ್ದೇವೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು ದುಡ್ಡು. ರೆಸಿನ್, ಫೈಬರ್‌ಗ್ಲಾಸ್ ಬಟ್ಟೆ, ಪ್ಲೈವುಡ್, ಎಂಜಿನ್ ಬಿಡಿಭಾಗ, ಟ್ರೇಲರಿನ ಟೈರು ಮತ್ತು ಬೇರಿಂಗ್ ಎಲ್ಲ ಸೇರಿ ದೋಣಿಯ ಬೆಲೆಯ ಎರಡು-ಮೂರು ಪಟ್ಟು ಖರ್ಚಾಗುತ್ತೆ. ನಾಲ್ಕು ಭಾಗ ಮಾಡಿದರೆ ಒಬ್ಬೊಬ್ಬರಿಗೆ ಬಂದದ್ದು ಊರಿಗೆ ಹೋಗಿಬರುವ ವಿಮಾನದ ಅರ್ಧ ಟಿಕೆಟ್‌ನಷ್ಟು. ಅಷ್ಟೂ ಆಗಲ್ಲ ಅನ್ನುವವರು ವಿಶ್ವವಿದ್ಯಾಲಯದ ಹೂಫರ್ಸ್ ಸೇರಿಕೊಳ್ಳಿ, ನೀರಿನ ನಂಟು ಅಲ್ಲೂ ಸಿಗುತ್ತೆ. ಎರಡನೆಯದು ಸಮಯ. ಪಾಲಿಯೆಸ್ಟರ್ ರೆಸಿನ್ ಚಳಿಯಲ್ಲಿ ಸರಿಯಾಗಿ ಗಟ್ಟಿಯಾಗಲ್ಲ, ಸುಮಾರು 15 ಡಿಗ್ರಿ ಸೆಲ್ಸಿಯಸ್ ಬೇಕು. ಆದ್ದರಿಂದ ಕೆಲಸ ಹೇಗೂ ಸೆಮಿಸ್ಟರ್ ಮುಗಿದ ಮೇಲೆಯೇ. ಮೂರನೆಯದು ನಿಜಕ್ಕೂ ತೂಕದ ಮಾತು: ಪರಿಸರ. ಹಳೇ ಕಾರ್ಬ್ಯುರೇಟರಿನ ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಇಂಧನದ ನಾಲ್ಕನೇ ಒಂದು ಭಾಗದಷ್ಟು ಉರಿಯದೆ ಹೊರಹೋಗಬಹುದು. ಅದಕ್ಕೇ ನಾವು ವರ್ಷಕ್ಕೆ ಕೆಲವೇ ದಿನ ಓಡಿಸುತ್ತೇವೆ, ಮುಂದಿನ ಎಂಜಿನ್ ಫೋರ್-ಸ್ಟ್ರೋಕ್ ಅಂತ ತೀರ್ಮಾನಿಸಿದ್ದೇವೆ. ಆದರೆ ದೋಣಿಯ ಒಡಲನ್ನು ಎಸೆಯೋದೂ ಪರಿಸರಕ್ಕೆ ಉಪಕಾರ ಅಲ್ಲ. ಫೈಬರ್‌ಗ್ಲಾಸ್ ಕರಗಿಸಿ ಮತ್ತೆ ಬಳಸಲು ಬರಲ್ಲ, ಕೊನೆಗೆ ಹೂಳುವ ಗುಂಡಿಗೇ ಹೋಗಬೇಕು.

ಮಾಡುವುದಾದರೆ ಕೆಲವು ವಿಷಯಗಳಲ್ಲಿ ರಾಜಿ ಬೇಡ. ಈಜು ಬಾರದವರು ಮೊದಲು ಕ್ಯಾಂಪಸ್ಸಿನ ಕೊಳದಲ್ಲಿ ಕಲಿಯಿರಿ. ಬಂದರೂ ಲೈಫ್ ಜಾಕೆಟ್ ತೊಟ್ಟೇ ಇರಿ. ವಸಂತದಲ್ಲಿ ಇಲ್ಲಿನ ನೀರು ಎಷ್ಟು ತಣ್ಣಗಿರುತ್ತೆ ಅಂದರೆ ಒಳ್ಳೇ ಈಜುಗಾರನ ಕೈಕಾಲೂ ನಿಮಿಷಗಳಲ್ಲಿ ಮರಗಟ್ಟುತ್ತವೆ. ಎಷ್ಟು ಜನ ಹತ್ತಬಹುದು ಅಂತ ದೋಣಿಯಲ್ಲೇ ಒಂದು ಫಲಕ ಇರತ್ತೆ. ಅಲ್ಲಿ ಐದು ಅಂತಿದ್ದರೆ ಐದೇ. 'ಸ್ವಲ್ಪ ಅಡ್ಜಸ್ಟ್ ಮಾಡಿ' ಅನ್ನುವ ಬೆಂಗಳೂರಿನ ಬಸ್ಸಿನ ನಿಯಮ ನೀರಿನ ಮೇಲೆ ನಡೆಯಲ್ಲ. ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗದ ಸ್ವಿಚ್ ಇದ್ದರೆ, 26 ಅಡಿಗಿಂತ ಚಿಕ್ಕ ದೋಣಿ ವೇಗವಾಗಿ ಓಡುವಾಗ ಅದನ್ನು ಕಟ್ಟಿಕೊಳ್ಳಬೇಕು ಅಂತ 2021ರ ಏಪ್ರಿಲ್ 1ರಿಂದ ದೇಶದ ಕಾನೂನೇ ಇದೆ. ಹಳೇ ಎಂಜಿನ್ನಿಗೆ ಇಲ್ಲದಿದ್ದರೆ ಹಾಕಿಸಿಕೊಳ್ಳಿ. 1989ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಈ ರಾಜ್ಯದಲ್ಲಿ ಮೋಟಾರ್ ದೋಣಿ ಓಡಿಸಲು ಸುರಕ್ಷತಾ ಕೋರ್ಸ್ ಮಾಡಿರಬೇಕು, ಅಂದರೆ ನಾವು ಹೆಚ್ಚುಕಡಿಮೆ ಎಲ್ಲರೂ. 16 ಅಡಿ ಮತ್ತು ಮೇಲ್ಪಟ್ಟ ದೋಣಿಗೆ ಟೈಟಲ್ ಬೇಕು, ಮಾರುವವರ ಹೆಸರಲ್ಲಿ ಅದು ಇಲ್ಲದಿದ್ದರೆ ಕೊಳ್ಳಲೇಬೇಡಿ. ರೆಸಿನ್ ಹಚ್ಚುವಾಗ, ಫೈಬರ್‌ಗ್ಲಾಸ್ ಉಜ್ಜುವಾಗ ಬಟ್ಟೆಯ ಮಾಸ್ಕ್ ಸಾಲದು, ಫಿಲ್ಟರ್ ಇರುವ ಮಾಸ್ಕೇ ಬೇಕು. ನೀರಿನಿಂದ ತೆಗೆದಮೇಲೆ ಜೊಂಡು ಕಿತ್ತು, ಒಳಗಿನ ನೀರು ಪೂರ್ತಿ ಬಸಿದೇ ಹೊರಡಿ. ಮೆಂಡೋಟಾದಲ್ಲಿ 2015ರಲ್ಲಿ ಜೀಬ್ರಾ ಮಸೆಲ್ ಕಾಣಿಸಿಕೊಂಡಿದೆ. ಅದನ್ನು ಇನ್ನೊಂದು ಸರೋವರಕ್ಕೆ ಹೊತ್ತೊಯ್ಯುವುದು ನಮ್ಮಂಥ ಟ್ರೇಲರ್‌ಗಳೇ. ಎಫ್-1 ವೀಸಾದವರು ಇದನ್ನು ಕೊಂಡು-ಮಾರುವ ವ್ಯಾಪಾರ ಮಾಡಿಕೊಳ್ಳಬೇಡಿ, ಹವ್ಯಾಸವಾಗಿಯೇ ಇರಲಿ.

ಕೊನೆಯದಾಗಿ ನಮ್ಮ ಸಂಘಕ್ಕೆ ಎರಡು ಬೇಡಿಕೆ. ರಾಜ್ಯೋತ್ಸವದ ಊಟದ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಒಂದು ಒಳ್ಳೇ ಟೂಲ್ ಬಾಕ್ಸ್ ಕೊಳ್ಳೋಣ. ಸೈಕಲ್, ಕಾರು, ಹೊಲಿಗೆ ಯಂತ್ರ, ಯಾರಿಗೆ ಏನು ಬಿಚ್ಚಬೇಕೋ ಒಯ್ಯಲಿ. ಎರಡನೆಯದು, ಸೀನಿಯರ್‌ಗಳು ಹೋಗುವಾಗ ಕುಕ್ಕರ್, ಹಾಸಿಗೆ, ಮೇಜು ಜೂನಿಯರ್‌ಗಳಿಗೆ ಬಿಟ್ಟುಹೋಗುವುದು ನಮ್ಮಲ್ಲಿ ಹಳೇ ಪದ್ಧತಿ. ನಾವು ನಾಲ್ವರೂ ಬರುವ ಮೇ ತಿಂಗಳಲ್ಲಿ ಹೊರಡುತ್ತಿದ್ದೇವೆ. ದೋಣಿಯನ್ನು ಒಂದು ಡಾಲರಿಗೆ, ಟೈಟಲ್ ಸಮೇತ, ಮುಂದಿನ ಬ್ಯಾಚಿಗೆ ಕೊಡುತ್ತೇವೆ. ಷರತ್ತು ಒಂದೇ: ನೀರಿನ ಪಂಪಿನ ರಬ್ಬರ್ ಚಕ್ರ ಈ ವರ್ಷ ಬದಲಾಯಿಸಬೇಕು, ಅದನ್ನು ನೀವೇ ಬದಲಾಯಿಸಬೇಕು. ಸ್ಪ್ಯಾನರ್ ಟ್ರೇಲರಿನ ಪೆಟ್ಟಿಗೆಯಲ್ಲೇ ಇದೆ.